ಕಸ್ತೂರಿ ಬರೆದ ಕಣ್ಣು

ಒಂದು ನಿಮಿಷ ನಿಲ್ಲಿ, ಇದನ್ನು ಕೊನೆಯವರೆಗೆ ಕೇಳಿ. ಕ್ವಾಂಟಮ್ ಎಂಬ ಪದ ಕಂಡ ಕೂಡಲೇ ಪುಟ ತಿರುವಿ ಅಡುಗೆ ಅಂಕಣಕ್ಕೆ ಹಾರಬೇಡಿ. ಕೂಡಿಸುವುದು, ವರ್ಗ ಮಾಡುವುದು ಬಿಟ್ಟರೆ ಇದರಲ್ಲಿ ಬೇರೆ ಗಣಿತವಿಲ್ಲ. ಒಂದು ಕಂಪ್ಯೂಟರ್ ಇದೆ, ಕೆಂಪು ಬಾಳೆಯ ತೋಟವಿದೆ, ಇಬ್ಬರು ಹೆಂಗಸರಿದ್ದಾರೆ. ಒಬ್ಬರು ಮಕ್ಕಳಿಗೆ ತಿಳಿಯಲಿ ಎಂದು ಒಂದು ಚಿತ್ರ ಬರೆದರು, ಆ ಚಿತ್ರದಿಂದ ಇನ್ನೊಬ್ಬರ ಕೂಲಿ ಹೋಯಿತು. ಹೇಗೆ ಎಂದು ಕೇಳಿದ ಮೇಲೆ ನೀವೂ ಒಂದು ಮಾತು ಹೇಳಬೇಕಾಗುತ್ತದೆ.

ಕಮಲಾಪುರದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಊರ ಹೊರಗೆ ಮೈದುನನ ತೋಟದ ಕಲ್ಲಿನ ತೊಟ್ಟಿಯ ಅಂಚಿನಲ್ಲಿ ಕಸ್ತೂರಿ ಸೆರಗು ಸಿಕ್ಕಿಸಿ ಕೂತಿದ್ದಾರೆ. ತೊಟ್ಟಿಯ ನೀರಿನಲ್ಲಿ ಶಹಾಬಾದ್ ಫರ್ಸಿ ಕಲ್ಲಿನ ಮೂರು ತುಂಡುಗಳು ಸಾಲಾಗಿ ನಿಂತಿವೆ. ತುಂಡುಗಳ ನಡುವೆ ಎರಡು ಸಂದು. ಫರ್ಸಿಯ ಈಚೆ ಬದಿಯಲ್ಲಿ ಕಸ್ತೂರಿ ಮರದ ಪಟ್ಟಿಯೊಂದನ್ನು ನೀರಿಗೆ ಮೆಲ್ಲಗೆ ತಟ್ಟುತ್ತಾರೆ, ಒಂದೇ ಲಯದಲ್ಲಿ. ಅಲೆ ಹೋಗಿ ಎರಡೂ ಸಂದಿನಲ್ಲಿ ನುಸುಳಿ ಆಚೆ ಎರಡು ಬೀಸಣಿಗೆಯಂತೆ ಹರಡುತ್ತದೆ. ಒಂದರ ಉಬ್ಬು ಇನ್ನೊಂದರ ಉಬ್ಬಿಗೆ ಸಿಕ್ಕಲ್ಲಿ ನೀರು ಎತ್ತರಕ್ಕೇಳುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದಲ್ಲಿ, ಅಷ್ಟೆಲ್ಲ ಗದ್ದಲದ ನಡುವೆಯೂ, ನೀರು ತೆಪ್ಪಗೆ ಮಲಗಿರುತ್ತದೆ. ಏಳುವ ಗೆರೆ, ಮಲಗಿದ ಗೆರೆ, ಮತ್ತೆ ಏಳುವ ಗೆರೆ. ಎದುರಿಗೆ ಗಂಡ ಧರ್ಮರಾಜ ಮೊಬೈಲ್ ಹಿಡಿದು ವಿಡಿಯೊ ತೆಗೆಯುತ್ತಿದ್ದಾರೆ. ಟಂಟಂ ಆಟೊ ಓಡಿಸುವ ಮನುಷ್ಯ, ಇನ್ನು ಸ್ವಲ್ಪ ಹೊತ್ತಿಗೆ ಮೊದಲ ಸವಾರಿಗೆ ಹೋಗಬೇಕು. ಇಡೀ ಕಮಲಾಪುರದಾಗ ಹೆಂಡತಿ ನೀರು ಬಡಿಯೋದನ್ನ ನೋಡ್ಕೋತ ನಿಂತ ಗಂಡ ನಾನೊಬ್ಬನೇ ಎಂದು ನಗುತ್ತಾರೆ.

"ಬಿಸಲು ಏರಿತಂದ್ರ ಗಾಳಿ ಬಿಡತದ್ರಿ, ಆಮ್ಯಾಲ ನೀರು ಮಾತ ಕೇಳಂಗಿಲ್ಲ," ಎನ್ನುತ್ತಾರೆ ಕಸ್ತೂರಿ. "ಕಂಪ್ಯೂಟರದಾಗ ಇಂಥಾ ಗೆರಿ ಪಟ್ಟಿ ತೋರ್ಸಿದ್ರ ಹುಡುಗ್ರು, ಮೇಡಂ ಅವು ನೀವ ಬರದಿದ್ದು ಅಂತಾರ. ಅದಕ್ಕ ಮೊದಲ ನೀರು ತೋರಸ್ತೀನಿ. ನೀರನ್ನ ನಾ ಬರದಿಲ್ಲಲ್ರಿ."

ಆ ಮಾತಿನ ಹಿಂದೆ ಒಂದು ನೋವಿದೆ. ಅಲ್ಲಿಗೆ ಆಮೇಲೆ ಬರೋಣ.

ಕಸ್ತೂರಿ ಕಲಬುರಗಿಯ ಬ್ರಹ್ಮಪುರದ ಕಡೆ ಇರುವ ಒಂದು ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಸಹಾಯಕಿ. ಗುತ್ತಿಗೆ ಕೆಲಸ, ವರ್ಷ ವರ್ಷ ನವೀಕರಣ. ಹುಟ್ಟಿದ್ದು ಶರಣಸಿರಸಗಿಯ ರೈತರ ಮನೆಯಲ್ಲಿ, ಓದಿದ್ದು ಬಿಸಿಎ, ಕೊಟ್ಟಿದ್ದು ಕಮಲಾಪುರಕ್ಕೆ. ದಿನಾ ಮುಂಜಾನೆಯ ಬಸ್ಸಿಗೆ ಕಲಬುರಗಿ, ಸಂಜೆಯ ಬಸ್ಸಿಗೆ ವಾಪಸ್. ಲ್ಯಾಬಿನ ಬೀಗ ತೆಗೆಯುವುದು, ಹಳೇ ಮಷಿನ್‌ಗಳ ಧೂಳು ಒರೆಸಿ ಎಬ್ಬಿಸುವುದು, ವಿದ್ಯಾರ್ಥಿಗಳ ಪೆನ್‌ಡ್ರೈವ್‌ನಿಂದ ಬಂದ ವೈರಸ್ ಹಿಡಿಯುವುದು, ಪರೀಕ್ಷೆಯ ಹಾಲ್ ಟಿಕೆಟ್ ಮುದ್ರಿಸುವುದು, ಇವೆಲ್ಲ ಅವರ ಪಾಲಿನ ಕೆಲಸ. ಕರೆಂಟ್ ಹೋದರೆ ಮೊದಲು ಕೇಳುವ ಹೆಸರೂ ಅವರದೇ, ಕರೆಂಟ್ ಅವರ ಮನೆಯಿಂದಲೇ ಬರುತ್ತದೆ ಎನ್ನುವ ಹಾಗೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಸಿಬ್ಬಂದಿಯ ಗುಂಪು ಚಿತ್ರ ಬರುತ್ತದಲ್ಲ, ಅದರಲ್ಲಿ ಅವರಿಲ್ಲ. ಆ ಹೊತ್ತಿಗೆ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡಿತ್ತಂತೆ.

ಭೌತಶಾಸ್ತ್ರದ ಮೇಷ್ಟ್ರು ವಿವೇಕಾನಂದ ಅವರು ಕೆಲವು ವರ್ಷಗಳ ಹಿಂದೆ ಒಂದು ಹಾಳೆ ಹಿಡಿದುಕೊಂಡು ಲ್ಯಾಬಿಗೆ ಬಂದರು. ಹಾಳೆಯಲ್ಲಿ ಒಂದು ಗೋಡೆ, ಗೋಡೆಯಲ್ಲಿ ಎರಡು ಸಂದು, ಆಚೆ ಒಂದು ಪರದೆ. ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಬಿಟ್ಟು ನೋಡುವ ಉಪಕರಣ ನಮ್ಮಂಥ ಕಾಲೇಜಿಗೆ ಕನಸಿನ ಮಾತು, ಕಂಪ್ಯೂಟರಿನಲ್ಲಾದರೂ ಇದನ್ನು ಓಡಿಸಿ ತೋರಿಸಬಹುದೇ ಎಂದು ಕೇಳಿದರು. ಕಸ್ತೂರಿಗೆ ಭೌತಶಾಸ್ತ್ರ ಪಿಯುಸಿವರೆಗೆ ಮಾತ್ರ ಗೊತ್ತು. ಮೇಷ್ಟ್ರು ಲ್ಯಾಬಿನ ಬೋರ್ಡಿನ ಮೇಲೆ ಕಲಿಸಿದರು, ಇವರು ಬಸ್ಸಿನಲ್ಲಿ ಕೂತು ಮೆಲುಕು ಹಾಕಿದರು. ಮೊದಲ ಸಲ ಸೂತ್ರ ಹಾಕಿ ಪಟ್ಟೆಗಳನ್ನು ನೇರವಾಗಿ ಪರದೆ ಮೇಲೆ ಬಳಿದುಬಿಟ್ಟರು. ಚೆನ್ನಾಗಿತ್ತು, ಆದರೆ ಮೇಷ್ಟ್ರು ತಲೆ ಅಲ್ಲಾಡಿಸಿದರು. ಎಲೆಕ್ಟ್ರಾನ್ ಹಂಗ ಬರಂಗಿಲ್ಲ, ಒಂದೊಂದ ಚುಕ್ಕಿಯಾಗಿ ಬೀಳತದ, ಎಲ್ಲಿ ಬೀಳತದ ಅಂತ ಮೊದಲ ಯಾರಿಗೂ ಹೇಳಾಕ ಬರಂಗಿಲ್ಲ ಎಂದರು.

ಹಾಗಾಗಿ ಈಗ ನೀವು ಆ ಲ್ಯಾಬಿಗೆ ಹೋದರೆ ಕಾಣುವುದು ಇದು. ಕಪ್ಪು ಪರದೆ. ಒಂದು ಬಿಳಿ ಚುಕ್ಕಿ ಬೀಳುತ್ತದೆ, ಎಲ್ಲೋ. ಇನ್ನೊಂದು, ಮತ್ತೆಲ್ಲೋ. ಗೋಡೆಗೆ ಸುಣ್ಣ ಸಿಡಿದ ಹಾಗೆ, ಅರ್ಥವೇ ಇಲ್ಲ. ನೋಡುತ್ತ ಕೂತರೆ ಬೇಜಾರೂ ಬರುತ್ತದೆ. ಆದರೆ ಚುಕ್ಕಿಗಳು ಸಾವಿರವಾಗಿ, ಹಲವು ಸಾವಿರವಾಗಿ ಬೀಳುತ್ತಿದ್ದ ಹಾಗೆ ಮೆಲ್ಲಗೆ ಪಟ್ಟೆ ಏಳುತ್ತದೆ. ಒತ್ತಾದ ಗೆರೆ, ಖಾಲಿ ಗೆರೆ, ಒತ್ತಾದ ಗೆರೆ. ತೊಟ್ಟಿಯ ನೀರಿನಲ್ಲಿ ಕಂಡದ್ದೇ. ಒಂದೊಂದಾಗಿ, ಒಂಟಿಯಾಗಿ ಬಂದ ಚುಕ್ಕಿಗಳಿಗೆ ಈ ಶಿಸ್ತು ಎಲ್ಲಿಂದ ಬಂತು? ಅಲ್ಲೇ ಮೈ ಜುಮ್ಮೆನ್ನುವುದು.

ಒಳಗಿನ ಲೆಕ್ಕ ಇಷ್ಟೇ. ಎರಡು ಸಂದಿನಿಂದ ಬರುವ ಎರಡು ಅಲೆಗಳನ್ನು ಮೊದಲು ಕೂಡಿಸಿ, ಆಮೇಲೆ ವರ್ಗ ಮಾಡಿದರೆ ಪಟ್ಟೆ ಮೂಡುತ್ತದೆ. ಮೊದಲು ಒಂದೊಂದನ್ನೂ ವರ್ಗ ಮಾಡಿ, ಆಮೇಲೆ ಕೂಡಿಸಿದರೆ ಪಟ್ಟೆ ಮಾಯ. ಯಾವ ಸಂದಿನಲ್ಲಿ ಹಾದುಹೋಯಿತು ಎಂದು ಪತ್ತೆಹಚ್ಚುವ ಯಂತ್ರವನ್ನು ನಿಜವಾದ ಪ್ರಯೋಗದಲ್ಲಿ ಇಟ್ಟಾಗ ಆಗುವುದು ಈ ಎರಡನೆಯದು. ಕಸ್ತೂರಿಯ ಪ್ರೋಗ್ರಾಮಿನಲ್ಲಿ ಇದಕ್ಕೆ ಬದಲಾಗುವುದು ಒಂದೇ ಒಂದು ಸಾಲು.

ಹಾಗಾದರೆ ಅಲ್ಲಿ ಖರೆಯಾಗಿ ನಡೆಯುವುದೇನು? ಇಲ್ಲಿ ವಿಜ್ಞಾನಿಗಳೇ ಒಂದು ಮಾತಿಗೆ ಬಂದಿಲ್ಲ. ಅದಕ್ಕೆ ಕಸ್ತೂರಿ ಪರದೆಯನ್ನು ನಾಲ್ಕು ಕಿಟಕಿ ಮಾಡಿದ್ದಾರೆ. ಮೊದಲನೆಯದರಲ್ಲಿ ಅಲೆ ಹರಡಿಕೊಂಡು ಬಂದು ಪರದೆ ತಾಕಿದೊಡನೆ ಒಂದು ಚುಕ್ಕಿಯಾಗಿ ಕುಸಿಯುತ್ತದೆ. ಎರಡನೆಯದರಲ್ಲಿ ಕಣವೊಂದು ಒಂದೇ ಸಂದಿನಲ್ಲಿ ಹಾದು, ಹಳ್ಳದ ನೀರಿಗೆ ಬಿದ್ದ ಹೂವಿನಂತೆ, ಅಲೆ ಒಯ್ದಲ್ಲಿಗೆ ಹೋಗುತ್ತದೆ. ಮೂರನೆಯದರಲ್ಲಿ ಚುಕ್ಕಿ ಬೀಳಬಹುದಾದ ಕಡೆಯೆಲ್ಲ ಬೀಳುತ್ತದೆ, ಒಂದೊಂದಕ್ಕೂ ಒಂದೊಂದು ಲೋಕ ಕವಲೊಡೆಯುತ್ತದೆ, ನಾವು ಒಂದು ಕವಲಿನಲ್ಲಿ ಕೂತು ಒಂದನ್ನೇ ಕಾಣುತ್ತೇವೆ. ನಾಲ್ಕನೆಯದನ್ನು ಒಪ್ಪುವವರು ಈಗ ಕಡಿಮೆ. ಅದರ ಪ್ರಕಾರ ಅರಿವುಳ್ಳ ಯಾರಾದರೂ ನೋಡುವ ತನಕ ಯಾವುದೂ ಗಟ್ಟಿಯಾಗುವುದಿಲ್ಲ. ನಾಲ್ಕೂ ಕಿಟಕಿಯಲ್ಲಿ ಬೀಳುವ ಚುಕ್ಕಿಗಳು ಮಾತ್ರ ಅವೇ. ಲೆಕ್ಕ ಒಂದ, ಕಥಿ ನಾಕು ಎಂದು ಕಸ್ತೂರಿ ಹುಡುಗರಿಗೆ ಹೇಳುತ್ತಾರೆ.

ಈಗ ಆ ಚಿತ್ರದ ಮಾತು. ಪತ್ತೆಹಚ್ಚುವ ಯಂತ್ರವನ್ನು ತೋರಿಸಲು ಕಸ್ತೂರಿ ಸಂದುಗಳ ಪಕ್ಕ ಒಂದು ಕಣ್ಣು ಬರೆದಿದ್ದರು. ರೆಪ್ಪೆ ಇರುವ, ಕಾಡಿಗೆ ಹಚ್ಚಿದ, ಚೆಂದದ ಕಣ್ಣು. ಒತ್ತಿದರೆ ತೆರೆಯುತ್ತದೆ, ಪಟ್ಟೆ ಹೋಗುತ್ತದೆ. ಮತ್ತೆ ಒತ್ತಿದರೆ ಮುಚ್ಚುತ್ತದೆ, ಪಟ್ಟೆ ಬರುತ್ತದೆ. ಕಣ್ಣು ಬೇಡ, ಒಂದು ಡಬ್ಬಿ ಬರೆಯಿರಿ, ಅಲ್ಲಿ ಇರುವುದು ಯಂತ್ರ, ಮನುಷ್ಯರಲ್ಲ ಎಂದು ವಿವೇಕಾನಂದ ಮೇಷ್ಟ್ರು ಎರಡು ಸಲ ಹೇಳಿದ್ದರು. ಆಯ್ತು ಸರ್ ಎಂದವರು ಹಾಗೇ ಬಿಟ್ಟರು. ಡಬ್ಬಿ ಬರೆದರೆ ಹುಡುಗರು ಆಕಳಿಸುತ್ತಿದ್ದರು, ಕಣ್ಣು ಬರೆದರೆ ಮುಂದೆ ಬಾಗಿ ನೋಡುತ್ತಿದ್ದರು. ಕಲಿಸುವವರಿಗೆ ಇದಕ್ಕಿಂತ ದೊಡ್ಡ ಆಸೆ ಬೇರೆ ಯಾವುದಿದೆ?

ಈ ವರ್ಷದ ವಿಜ್ಞಾನ ದಿನಕ್ಕೆ ಕಸ್ತೂರಿ ಆ ಕಣ್ಣನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಕಮಲಾಪುರದ ಪ್ರೌಢಶಾಲೆಗೆ ಹೋದರು.

ಇಲ್ಲಿ ಮಾಳಮ್ಮನವರನ್ನು ಪರಿಚಯಿಸಬೇಕು. ಕಸ್ತೂರಿಯ ಪಕ್ಕದ ಮನೆಯವರು. ಕಸ್ತೂರಿ ಬಸ್ಸು ಹತ್ತಿದ ಮೇಲೆ ಮಗಳು ಅಂಜನಾ ಬೆಳೆದಿದ್ದೆಲ್ಲ ಇವರ ಸೊಂಟದ ಮೇಲೆ. ಮಾಳಮ್ಮನ ಕಸುಬು ನೋಡುವುದು. ಹೌದು, ನೋಡುವುದೇ. ಕಮಲಾಪುರದ ಬಾಳೆ ಎಳಸಿದ್ದಾಗಲೇ ಕೆಂಪು, ಹಾಗಾಗಿ ಬಣ್ಣ ನೋಡಿ ಬಲಿತಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಕಾಯಿಯ ಮೂಲೆಗಳು ಎಷ್ಟು ದುಂಡಾಗಿವೆ, ತುದಿಯ ಒಣಹೂವು ಹೇಗಿದೆ, ಗೊನೆ ಎಷ್ಟು ಬಾಗಿದೆ, ಇವನ್ನೆಲ್ಲ ನೋಡಿ ಹೇಳಬೇಕು. ಕಡಿಯುವ ಮುನ್ನ ತೋಟದವರು ಮಾಳಮ್ಮನನ್ನು ಕರೆಸುತ್ತಾರೆ. ಅವರು ಸಾಲಿನಲ್ಲಿ ನಡೆದು, ಒಂದೊಂದು ಗೊನೆಯ ಎದುರು ನಿಂತು, ಇದು ಕಡೀರಿ, ಇದು ಬಿಡ್ರಿ ಎನ್ನುತ್ತ ಹೋಗುತ್ತಾರೆ. ಹಿಂದೆ ಕುಡುಗೋಲು ಬರುತ್ತದೆ. ಚೆಂದದ ಗೊನೆ ಕಂಡರೆ ಬಾಯ್ತುಂಬ ಹೊಗಳುತ್ತಾರೆ, ಹೊಗಳಿದ ಮೇಲೆ ಒಂದು ಚಿಟಿಕೆ ಮಣ್ಣು ತೆಗೆದು ಗಿಡದ ಬುಡಕ್ಕೆ ಎಸೆಯುತ್ತಾರೆ. ನದರು ಆಗದಿರಲಿ ಎಂದು. ದೃಷ್ಟಿ ತಾಕುವುದಕ್ಕೆ ಈ ಕಡೆ ನದರು ಆಗುವುದು ಎನ್ನುತ್ತಾರೆ.

ಚಳಿಗಾಲದ ಕೊನೆಗೆ ದೇವೀಂದ್ರಪ್ಪ ಅವರ ತೋಟದಲ್ಲಿ ಮಾಳಮ್ಮ ಹೀಗೇ ನೋಡಿ, ಈ ಸಲ ನಿಮ್ಮಂಥಾ ಬಾಳಿ ಊರಾಗ ಯಾರದೂ ಇಲ್ಲ ಎಂದು ಹೊಗಳಿ ಬಂದಿದ್ದರು. ಮಣ್ಣು ಎಸೆದರೋ ಇಲ್ಲವೋ, ಅವರಿಗೇ ನೆನಪಿಲ್ಲ. ಕೆಲವು ವಾರಕ್ಕೆ ಆ ತೋಟದ ಎಲೆಗಳು ಹಳದಿಯಾಗಿ ಜೋತುಬಿದ್ದವು, ಕಾಂಡ ಸೀಳಿತು. ತೋಟಗಾರಿಕೆಯವರು ಬಂದು ಕಾಂಡ ಕೊಯ್ದು, ಒಳಗಿನ ಕಂದು ಗೆರೆ ತೋರಿಸಿ, ಸೊರಗು ರೋಗ, ಮಣ್ಣಿನೊಳಗಿನ ಬೂಷ್ಟಿನಿಂದ ಬರುತ್ತದೆ ಎಂದು ಹೇಳಿ ಹೋದರು. ದೇವೀಂದ್ರಪ್ಪ ಅದನ್ನು ಒಪ್ಪಿದರು. ಅವರ ತಾಯಿ ವಿಮಲಾಬಾಯಿಯೂ ಒಪ್ಪಿದರು. ಆದರೆ ವಿಮಲಾಬಾಯಿಯ ಪ್ರಶ್ನೆ ಬೇರೆಯಿತ್ತು. ಬೂಷ್ಟು ಊರ ತುಂಬ ಅದ, ಬಾಜೂ ಹೊಲ ಬಿಟ್ಟು ನಮ್ಮ ಹೊಲಕ್ಕ ಯಾಕ ಬಂತು? ಹೊಗಳಿ ಹೋದ ಮಾಳಮ್ಮನ ನದರ ಆಗಿರಬೇಕು.

ಆ ಪ್ರಶ್ನೆ ಮನೆಯಲ್ಲಿ ತಿರುಗುತ್ತಿದ್ದಾಗಲೇ ಮೊಮ್ಮಗಳು ಮಲ್ಲಿಕಾ, ಒಂಬತ್ತನೇ ಇಯತ್ತೆಯ ಹುಡುಗಿ, ಶಾಲೆಯಿಂದ ಬಂದು ತಾನು ಕಂಡದ್ದನ್ನು ಕಂಡ ಹಾಗೆ ಅಜ್ಜಿಗೆ ಹೇಳಿದಳು.

"ಆಯಿ, ನೀ ಹೇಳೋದು ಖರೇನ ಅದ. ಕಸ್ತೂರಿ ಅಕ್ಕ ಕಂಪ್ಯೂಟರದಾಗ ತೋರ್ಸ್ಯಾಳ. ಸುಮ್ನ ಬಿಟ್ರ ಪಟ್ಟಿ ಚಂದ ಬರ್ತಾವ. ಒಂದು ಕಣ್ಣು ತೆರದು ನೋಡಿತಂದ್ರ ಎಲ್ಲಾ ಕೆಟ್ಟ ಹೋಗ್ತದ."

ಅಷ್ಟೇ ಸಾಕಾಯಿತು. ವಿಮಲಾಬಾಯಿ ಬಾವಿಕಟ್ಟೆಯಲ್ಲಿ ಹೇಳಿದರು, ಬಾವಿಕಟ್ಟೆ ಊರಿಗೆ ಹೇಳಿತು. ಮೊದಲಾದರೆ ನದರಿನ ಮಾತಿಗೆ ನಗುವವರೂ ಇರುತ್ತಿದ್ದರು. ಈ ಸಲ ನಗುವವರ ಬಾಯಿ ಕಟ್ಟಿತ್ತು, ಏಕೆಂದರೆ ಇದನ್ನು ಕಲಬುರಗಿ ಕಾಲೇಜಿನ ಕಂಪ್ಯೂಟರ್ ಹೇಳಿದೆ. ಮಾಳಮ್ಮನನ್ನು ಯಾರೂ ಬೈಯಲಿಲ್ಲ, ಬಾಗಿಲು ಹಾಕಲಿಲ್ಲ. ತೋಟಕ್ಕೆ ಕರೆಯುವುದನ್ನು ಬಿಟ್ಟರು, ಅಷ್ಟೇ. ಕಡಿಯುವ ದಿನ ಮುಂಜಾನೆ ಅವರು ಸೆರಗು ಬಿಗಿದು ಹೊಸ್ತಿಲಲ್ಲಿ ಕಾಯುತ್ತಿದ್ದರು. ಎದುರಿಗೇ ಜನ ಹೋಗುತ್ತಿದ್ದರು, ಊಟ ಆಯ್ತೇನು ಕಾಕಿ ಎಂದು ಕೇಳಿ ಮುಖ ತಿರುಗಿಸಿಕೊಂಡು. ನೋಡಿಯೇ ಬದುಕಿದ ಹೆಂಗಸಿಗೆ ನೋಡಬೇಡ ಎಂದರೆ ಉಳಿಯುವುದೇನು?

ಕಸ್ತೂರಿಗೆ ಇದು ತಿಳಿದಾಗ ಬೇಸಿಗೆ ಶುರುವಾಗಿತ್ತು. ಅವರು ಬಸ್ಸಿಳಿದವರೇ ನೇರ ದೇವೀಂದ್ರಪ್ಪ ಅವರ ಮನೆಗೆ ಹೋದರು. ಅಲ್ಲಿ ನೋಡುವುದು ಯಂತ್ರ, ಕಣ್ಣು ನಾನು ಅಂದಕ್ಕೆ ಬರೆದದ್ದು, ಮನುಷ್ಯರ ನೋಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದರು. ದೇವೀಂದ್ರಪ್ಪ ಚಹಾ ತರಿಸಿ, ತಾಳ್ಮೆಯಿಂದ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಮಾಳಮ್ಮನ ಮಗಳ ಮದುವೆಗೆ ಪೆಂಡಾಲ್ ಹಾಕಿಸಿಕೊಟ್ಟವರೇ.

"ನೋಡವ್ವ ಕಸ್ತೂರಿ, ಕಣ್ಣು ಬರದಾಕಿ ನೀನ, ಈಗ ಅಲ್ಲ ಅನ್ನಾಕಿನೂ ನೀನ," ಎಂದರು. "ಜನ ಯಾವುದು ನಂಬಬೇಕು? ಒಂದು ಕೆಲಸ ಮಾಡು. ಶಾಲಿಯಾಗ ಎಲ್ಲಾರ ಮುಂದ ನಿನ ಕಂಪ್ಯೂಟರ್ ಇಡು. ಪಟ್ಟಿ ಬರ್ಲಿ. ಮಾಳಮ್ಮ ಎದುರಿಗೆ ಕೂತು ಕಣ್ತುಂಬ ನೋಡ್ಲಿ. ಪಟ್ಟಿ ಹಂಗಾ ಉಳದ್ವು ಅಂದ್ರ ಅಲ್ಲೇ ಕೈ ಮುಗದು ಆಕಿನ್ನ ಕೆಲಸಕ್ಕ ಕರಿತೀನಿ. ನಮ್ಮವ್ವನೂ ತಪ್ಪಾತು ಅಂತಾಳ."

ಮನೆಗೆ ಬಂದು ಹೇಳಿದಾಗ ಧರ್ಮರಾಜ ಹಿಗ್ಗಿಬಿಟ್ಟರು. ಇದಕ್ಕಿಂತ ಸುಲಭ ಯಾವುದಿದೆ? ಪಟ್ಟೆ ಬರುವ ಸಾಲನ್ನೇ ಇಟ್ಟು ಓಡಿಸಿದರೆ ಮಾಳಮ್ಮ ನೋಡಲಿ, ತಹಶೀಲ್ದಾರ್ ನೋಡಲಿ, ಪಟ್ಟೆ ಎಲ್ಲಿಗೂ ಹೋಗುವುದಿಲ್ಲ. ಸುದ್ದಿ ಮಾಳಮ್ಮನಿಗೂ ಮುಟ್ಟಿ, ಅವರೂ ತಯಾರಾದರು. ಎಷ್ಟೋ ವಾರಗಳ ಮೇಲೆ ಅವರ ಮುಖ ಅರಳಿತ್ತು.

ಅರಳದೇ ಇದ್ದದ್ದು ಕಸ್ತೂರಿಯ ಮುಖ. ಮರುದಿನ ವಿವೇಕಾನಂದ ಮೇಷ್ಟ್ರ ಎದುರು ಕೂತು ಎಲ್ಲ ಹೇಳಿದರು. ಪ್ರೋಗ್ರಾಮು ಮಾಳಮ್ಮನನ್ನು ಪಾಸು ಮಾಡುತ್ತದೆ, ಆದರೆ ಅದು ಪರೀಕ್ಷೆ ಆಗುತ್ತದೆಯೇ ಎಂದಷ್ಟೇ ಮೇಷ್ಟ್ರು ಕೇಳಿದರು. ಆಮೇಲೆ, ಇಲ್ಲಿ ಕುರ್ಚಿಯಲ್ಲಿ ಕೂತು ಹೇಳುವುದು ನನಗೆ ಹಗುರ, ಊರಿನಲ್ಲಿ ಬಾಳುವವರು ನೀವು, ನಾನು ಹೇಳಿದ್ದನ್ನು ಮಾಡಬೇಡಿ ಎಂದರು.

ಕಸ್ತೂರಿಯ ಸಂಕಟ ಇದು. ಆ ಕಂಪ್ಯೂಟರಿಗೆ ತನ್ನ ಎದುರು ಕೂತವರು ಯಾರೆಂದೇ ಗೊತ್ತಿಲ್ಲ. ಅದರಲ್ಲಿ ಎಲೆಕ್ಟ್ರಾನ್ ಇಲ್ಲ, ಸಂದು ಇಲ್ಲ, ಏನೂ ಇಲ್ಲ. ತಾನು ಬರೆದ ಲೆಕ್ಕ ಮಾತ್ರ ಇದೆ. ಎಲ್ಲೋ ಖರೆಯಾಗಿ ನಡೆದ ಪ್ರಯೋಗದ ನಕಲು ಅದು, ನಾಟಕದ ರಾಜನಿದ್ದ ಹಾಗೆ. ನಾಟಕದ ರಾಜನ ಎದುರು ಖರೆ ಮನುಷ್ಯರನ್ನು ನಿಲ್ಲಿಸಿ ತೀರ್ಪು ಕೇಳುತ್ತಾರೆಯೇ? ಇವತ್ತು ಈ ಮಷಿನ್ ಮಾಳಮ್ಮನನ್ನು ಖುಲಾಸೆ ಮಾಡಿದರೆ, ನದರು ಪತ್ತೆಹಚ್ಚುವ ಮಷಿನ್ ಇದೆ ಎಂದು ಊರಿಗೆ ಗಟ್ಟಿಯಾಗುತ್ತದೆ. ನಾಳೆ ಇನ್ನೊಂದು ಬೆಳೆ ಕೆಟ್ಟಾಗ, ಇನ್ನೊಬ್ಬ ಹೆಂಗಸಿನ ಹೆಸರು ಬಂದಾಗ, ಇನ್ಯಾರೋ ಇನ್ನೊಂದು ಪ್ರೋಗ್ರಾಮು ಬರೆದು ತಂದರೆ?

ಇದನ್ನೆಲ್ಲ ಪರೀಕ್ಷೆಗೆ ಗೊತ್ತುಮಾಡಿದ್ದ ಭಾನುವಾರ ಮುಂಜಾನೆ, ಶಾಲೆಗೆ ಹೊರಡುವ ಮುನ್ನ, ಮಾಳಮ್ಮನ ಅಂಗಳದಲ್ಲಿ ಕೂತು ಹೇಳಿದರು. ಮಾಳಮ್ಮ ಅಂಜನಾಳ ತಲೆ ಬಾಚುತ್ತಿದ್ದರು.

"ಪಟ್ಟಿ ಹೋಗಂಗಿಲ್ಲ ಅಂತ ನಿನಗ ಗೊತ್ತದ ಇಲ್ಲೋ?" ಎಂದು ಮಾಳಮ್ಮ ಕೇಳಿದರು.

"ಗೊತ್ತದ ಕಾಕಿ. ನಿನ ಜಾಗಾದಾಗ ಒಂದು ಕಲ್ಲು ಇಟ್ರೂ ಹೋಗಂಗಿಲ್ಲ. ಅದು ನಿನ್ನ ನೋಡಂಗೇ ಇಲ್ಲ."

"ಕಲ್ಲಿನ ಜೋಡಿನಾದ್ರೂ ನಾ ಪಾಸ್ ಆಗ್ಲಿ ಬಿಡು ಯವ್ವ. ನನಗ ಬೇಕಾಗಿದ್ದು ಕೆಲಸ. ನಿನ ಖರೆ ನೀ ಇಟ್ಕೊ."

"ಕಾಕಿ, ಪಾಸ್ ಮಾಡೋ ಮಷಿನ್ ನಾಪಾಸೂ ಮಾಡತದ."

"ನಾಪಾಸ್ ಆಗಾಕಿ ನಾ ಅಲ್ಲಲ್ಲ," ಎಂದರು ಮಾಳಮ್ಮ, ಬಾಚಣಿಗೆ ನಿಲ್ಲಿಸಿ. "ಬ್ಯಾರೆ ಯಾರೋ ಅತ್ತಾರಂತ ನನ್ನ ಅಳಸ್ತಿಯೇನು?"

ಕಸ್ತೂರಿ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಎದ್ದರು. ಆ ಮಾತು ಈಗಲೂ ಕಿವಿಯಲ್ಲಿದೆ ಎನ್ನುತ್ತಾರೆ.

ಶಾಲೆಯ ಕೋಣೆ ಬಾಗಿಲವರೆಗೆ ತುಂಬಿತ್ತು. ಮುಂದಿನ ಸಾಲಿನಲ್ಲಿ ವಿಮಲಾಬಾಯಿ, ಪಕ್ಕದಲ್ಲಿ ಮಲ್ಲಿಕಾ. ಲ್ಯಾಪ್‌ಟಾಪಿನ ಎದುರು ಮಾಳಮ್ಮನಿಗೆಂದೇ ಯಾರೋ ಬಿಳಿ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದರು. ಮಾಳಮ್ಮ ಹಬ್ಬದ ಇಳಕಲ್ ಸೀರೆ ಉಟ್ಟು ಬಂದಿದ್ದರು. ಅವರು ಇನ್ನೇನು ಕೂರಬೇಕು, ಕಸ್ತೂರಿ ಮುಂದೆ ಹೋಗಿ ಆ ಕುರ್ಚಿಯನ್ನು ಎತ್ತಿ ಗೋಡೆಗೆ ಒರಗಿಸಿದರು. ಕಾಕಿ ಕೂಡಂಗಿಲ್ಲ, ತಪ್ಪು ನಂದು, ನಾನೇ ತೋರಿಸುತ್ತೇನೆ ಎಂದರು.

ಆಮೇಲೆ ದೇವೀಂದ್ರಪ್ಪ ಅವರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಪರದೆಯ ಮೇಲೆ ಪಟ್ಟೆ ಏಳುತ್ತಿತ್ತು. ಕಣ್ಣಿನ ಚಿತ್ರವನ್ನು ಎಲ್ಲರ ಎದುರೇ ಅಳಿಸಿಹಾಕಿದರು. ನಂತರ ಪ್ರೋಗ್ರಾಮು ತೆರೆದು, ಆ ಒಂದು ಸಾಲಿನ ಮೇಲೆ ಬೆರಳಿಟ್ಟು, ಇಲ್ಲಿ ಕೂಡಿಸುವುದು ಮೊದಲಿದೆ, ಅದನ್ನು ವರ್ಗದ ನಂತರಕ್ಕೆ ಹಾಕಿರಿ ಎಂದು ದೇವೀಂದ್ರಪ್ಪ ಅವರ ಕೈಯಿಂದಲೇ ಮಾಡಿಸಿದರು. ಮತ್ತೆ ಓಡಿಸಿದಾಗ ಪಟ್ಟೆ ಇಲ್ಲ. ಚುಕ್ಕಿಗಳೆಲ್ಲ ಹರಡಿ ಮಸುಕಾಗಿ ಬಿದ್ದವು.

"ಕಣ್ಣು ಎಲ್ಲಿ ಅದ ಕಾಕಾ?" ಎಂದು ಕಸ್ತೂರಿ ಕೇಳಿದರು. "ಯಾರೂ ನೋಡ್ಲಿಲ್ಲ, ಯಾರೂ ಹೊಗಳಲಿಲ್ಲ. ನಿಮ್ಮ ಬೆರಳು ಒಂದು ಸಾಲು ತಿರುವ್ಯಾದ, ಅಷ್ಟ. ಇದು ಬರದಂಗ ಕುಣಿತದ. ಮಾಳಮ್ಮ ಕಾಕಿ ಯಾರಂತ ಇದಕ್ಕ ಗೊತ್ತಿಲ್ಲ. ಇದರ ಮುಂದ ಆಕಿನ್ನ ಕೂಡಿಸಿದ್ರ ನಾ ನಿಮಗೆಲ್ಲಾರಿಗೂ ಮೋಸ ಮಾಡಿದಂಗ."

ಅಷ್ಟಕ್ಕೇ ಬಿಟ್ಟಿದ್ದರೆ ಗೆದ್ದಂತಾಗುತ್ತಿತ್ತೇನೋ. ಆದರೆ ಕಸ್ತೂರಿ ನಾಲ್ಕು ಕಿಟಕಿಯನ್ನೂ ತೆರೆದರು, ನಾಲ್ಕನೆಯದನ್ನೂ ಸೇರಿಸಿ. ಅದನ್ನು ಮುಚ್ಚಿಟ್ಟುಬಿಡು ಎಂದು ಧರ್ಮರಾಜ ದಾರಿಯುದ್ದಕ್ಕೂ ಹೇಳಿದ್ದರು. ಮುಚ್ಚಲು ಮನಸ್ಸು ಒಪ್ಪಲಿಲ್ಲ. ಹೀಗೆ ಹೇಳಿದ ವಿಜ್ಞಾನಿಗಳೂ ಇದ್ದರು ಎಂದೇ ಹೇಳಿದರು. ಆ ಕಥೆಯಲ್ಲೂ ನೋಡುವವರಿಗೆ ಚುಕ್ಕಿ ಎಲ್ಲಿ ಬೀಳಬೇಕೆಂದು ಹೇಳುವ ಅಧಿಕಾರವಿಲ್ಲ, ಒಳ್ಳೆಯ ಮನಸ್ಸಿನಿಂದ ನೋಡಿದರೂ ಕೆಟ್ಟ ಮನಸ್ಸಿನಿಂದ ನೋಡಿದರೂ ಚುಕ್ಕಿಗಳ ಲೆಕ್ಕ ಅದೇ ಎಂದು ವಿವರಿಸಿದರು.

ದೇವೀಂದ್ರಪ್ಪ ನಾಲ್ಕೂ ಕಿಟಕಿ ನೋಡಿದರು. ಇವುಗಳಲ್ಲಿ ಖರೆ ಯಾವುದು ಎಂದು ಕೇಳಿದರು. ಗೊತ್ತಿಲ್ಲರಿ, ದೊಡ್ಡ ದೊಡ್ಡವರಿಗೂ ಗೊತ್ತಿಲ್ಲ, ಈ ಚುಕ್ಕಿ ಇಲ್ಲೇ ಯಾಕ ಬಿತ್ತು ಅಂತ ಕೇಳಿದರೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ ಎಂದರು ಕಸ್ತೂರಿ.

"ಗೊತ್ತಿಲ್ಲದಾಗ ನೀವು ಓದಿದವ್ರು ನಾಕು ಕಥಿ ಕಟ್ಟಬಹುದು," ಎಂದರು ದೇವೀಂದ್ರಪ್ಪ, ಮೆಲ್ಲಗೆ. "ನಮ್ಮವ್ವ ಒಂದು ಕಥಿ ಕಟ್ಟಿದ್ರ ತಪ್ಪೇನು?"

ಕಸ್ತೂರಿ ಗೋಡೆ ಪಕ್ಕ ನಿಂತಿದ್ದ ಮಾಳಮ್ಮನ ಕಡೆ ನೋಡಿದರು.

"ನಮ್ಮ ನಾಕೂ ಕಥಿ ಯಾರ ಕೂಲಿನೂ ಕಸ್ಗೊಂಡಿಲ್ಲ ಕಾಕಾ," ಎಂದರು.

ವಿಮಲಾಬಾಯಿ ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಹಿಂದಿನಿಂದ ಯಾರೋ, ಕಸ್ತೂರಿ ಪರೀಕ್ಷಾಕ್ಕ ಹೆದರಿದ್ಳು ಎಂದರು. ಇನ್ಯಾರೋ, ಸುಮ್ನಿರೋ, ಆಕಿ ಹೇಳಿದ್ದು ತಿಳದಿದ್ರ ತಾನ ನಿನಗ ಎಂದರು. ಮಲ್ಲಿಕಾ ಮಾತ್ರ ಮುಂದೆ ಬಂದು ಆ ಸಾಲನ್ನು ತಾನೇ ತಿರುವಿ ತಿರುವಿ ನೋಡುತ್ತ ನಿಂತಳು. ಪಟ್ಟೆ ಬಂತು, ಹೋಯಿತು, ಮತ್ತೆ ಬಂತು. ತಲೆ ಎತ್ತಿದಾಗ ಹುಡುಗಿಯ ಕಣ್ಣಲ್ಲಿ ನೀರಿತ್ತು. ಮಾಳಮ್ಮ ಅಷ್ಟೊತ್ತಿಗೆ ಹೊರಟುಹೋಗಿದ್ದರು, ಯಾರನ್ನೂ ನೋಡದೆ.

ಇದು ಸುಖಾಂತವಾದ ಕಥೆಯಲ್ಲ, ಹಾಗೆಂದು ಬರೆದರೆ ಸುಳ್ಳಾಗುತ್ತದೆ. ಎರಡು ತೋಟದವರು ಮಾಳಮ್ಮನನ್ನು ಮತ್ತೆ ಕರೆಯುತ್ತಿದ್ದಾರೆ. ಉಳಿದವರು ಇಲ್ಲ. ದೇವೀಂದ್ರಪ್ಪ ಸೊರಗಿದ ಗಿಡಗಳನ್ನು ಕಿತ್ತು ಸುಟ್ಟಿದ್ದಾರೆ. ಮಾಳಮ್ಮ ಎದುರಾದರೆ ನಿಂತು ಮಾತಾಡುತ್ತಾರೆ, ಆದರೆ ತಾಯಿ ಇರುವವರೆಗೆ ತೋಟಕ್ಕೆ ಕರೆಯುವುದು ಆಗದು ಎಂದು ಅವರೇ ಹೇಳಿದ್ದಾರೆ. ಮಾಳಮ್ಮ ಎಷ್ಟೋ ದಿನ ಕಸ್ತೂರಿಯ ಜೊತೆ ಮಾತು ಬಿಟ್ಟಿದ್ದರು. ಆಗ ಅಂಜನಾ ಅಮ್ಮನ ಜೊತೆ ಕಲಬುರಗಿಗೆ ಹೋಗಿ, ಲ್ಯಾಬಿನ ಮೂಲೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು. ಒಂದು ಮುಂಜಾನೆ ಮಾಳಮ್ಮ ತಾವಾಗಿಯೇ ಬಾಗಿಲಿಗೆ ಬಂದು ಮಗುವಿನ ಕೈ ಹಿಡಿದರು. ಕೂಸಿನ ಸಲುವಾಗಿ ಬಂದೀನಿ, ನಿನ್ನ ಸಲುವಾಗಿ ಅಲ್ಲ ಎಂದರಂತೆ. ಈಗ ಮಾತು ಇದೆ. ಮೊದಲಿನ ಹಾಗಿಲ್ಲ.

ಲ್ಯಾಬಿನಲ್ಲಿ ಈಗ ಕಣ್ಣಿನ ಜಾಗದಲ್ಲಿ ಕಪ್ಪು ಡಬ್ಬಿ ಇದೆ. ಹುಡುಗರು ಆಕಳಿಸುತ್ತಾರೆ. ಕಿಟಕಿಗಳ ಕೆಳಗೆ ಕಸ್ತೂರಿ ಒಂದು ಸಾಲು ಸೇರಿಸಿದ್ದಾರೆ: ಇದು ಯಾವುದನ್ನೂ ಸಾಬೀತು ಮಾಡುವುದಿಲ್ಲ, ಬರೆದದ್ದನ್ನು ತೋರಿಸುತ್ತದೆ. ಅಕ್ಕಪಕ್ಕದ ತಾಲ್ಲೂಕಿನ ಕೆಲವು ಶಾಲೆಯವರು ಪ್ರೋಗ್ರಾಮು ಕೇಳಿ ಒಯ್ದಿದ್ದಾರೆ, ಯಾರು ಬರೆದದ್ದು ಎಂದು ಕೇಳಿದವರು ಕಡಿಮೆ. ಕಸ್ತೂರಿಗೆ ಆಸೆ ಏನಾದರೂ ಇದೆಯೇ ಎಂದರೆ ಒಂದೇ ಇದೆ. ಇಷ್ಟು ವರ್ಷ ಎಲೆಕ್ಟ್ರಾನ್‌ಗಳ ಸುಳ್ಳು ಚುಕ್ಕಿ ಬೀಳಿಸಿದ್ದೇನೆ, ಒಮ್ಮೆಯಾದರೂ ಖರೆ ಪ್ರಯೋಗದ ಎದುರು ನಿಂತು, ಖರೆ ಚುಕ್ಕಿ ಒಂದೊಂದಾಗಿ ಬೀಳುವುದನ್ನು ನೋಡಬೇಕು ಎನ್ನುತ್ತಾರೆ. ಎಲ್ಲಿ ನೋಡಲು ಸಿಗುತ್ತದೆ, ಒಳಗೆ ಬಿಡುತ್ತಾರೋ ಇಲ್ಲವೋ, ವಿವೇಕಾನಂದ ಮೇಷ್ಟ್ರು ವಿಚಾರಿಸುತ್ತಿದ್ದಾರೆ.

ತೋಟದಿಂದ ಮನೆಗೆ ಬಂದಾಯಿತು, ಬಸ್ಸು ಬರುವ ಹೊತ್ತಾಗಿದೆ. ಕಸ್ತೂರಿ ಊಟದ ಡಬ್ಬಿ ಕಟ್ಟಿಕೊಂಡು, ಬ್ಯಾಗು ಹೆಗಲಿಗೇರಿಸಿ, ಪಕ್ಕದ ಮನೆಯ ಕಡೆ ಒಮ್ಮೆ ನೋಡುತ್ತಾರೆ. ಇವತ್ತೂ ಕಡಿಯುವ ದಿನ. ಮಾಳಮ್ಮ ಹೊಸ್ತಿಲಲ್ಲಿದ್ದಾರೆ, ಸೆರಗು ಬಿಗಿದು.

"ಅವತ್ತು ನನ್ನ ಮಷಿನ್ ಯಾರ ಪರವಾಗೂ ಸುಳ್ಳ ಸಾಕ್ಷಿ ಹೇಳ್ಲಿಲ್ಲರಿ, ಅಷ್ಟ ನನಗ ಸಮಾಧಾನ," ಎನ್ನುತ್ತಾರೆ. ದನಿ ಇಳಿಸಿ ಮತ್ತೂ ಹೇಳುತ್ತಾರೆ. "ಆದ್ರ ನನ್ನ ಸಮಾಧಾನಕ್ಕ ಕಾಕಿ ಮನಿ ಒಲಿ ಹತ್ತಂಗಿಲ್ಲ. ಅದೂ ಗೊತ್ತದ."

ಗೆಲ್ಲುವುದು ಖಾತ್ರಿಯಿದ್ದ ಸುಳ್ಳು ಪರೀಕ್ಷೆ ಅದು. ಎದುರಿಗೆ ನಿಂತವರು ನಿಮ್ಮ ಮಗುವನ್ನು ಸಾಕಿದ ಹೆಂಗಸು, ಹಬ್ಬದ ಸೀರೆ ಉಟ್ಟು ಬಂದಿದ್ದಾರೆ, ಕೂರಿಸು ಎಂದು ಅವರೇ ಕೇಳುತ್ತಿದ್ದಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?